ಬೇರು ಬಿಡದ ಚಿಗುರು

ಹೊಳೆ ಆಶ್ರಮದ ದಂಡೆಯನ್ನು ವರ್ಷ ವರ್ಷವೂ ಕೊರೆಯುತ್ತಿತ್ತು. ದಂಡೆಯ ಮೇಲಿನ ಹಲಸಿನ ಮರದ ಬೇರುಗಳು ಆಗಲೇ ಗಾಳಿಯಲ್ಲಿ ತೂಗುತ್ತಿದ್ದವು.

ಅದರ ಕೆಂಪು ತೊಳೆಯ ರುಚಿ ಬೇರೆ ಯಾವ ಮರದಲ್ಲೂ ಇರಲಿಲ್ಲ. ಬೀಜ ಹಾಕಿದರೆ ಬೇರೆಯದೇ ಹಣ್ಣು ಬರುತ್ತಿತ್ತು. ಕಸಿ ಹಿಡಿದಿರಲಿಲ್ಲ.

ಗುರು ಹಾಲಮ್ಮ ಶಿಷ್ಯ ಸೋಮಲಿಂಗನನ್ನು ಕರೆದರು.

"ಮರ ಹೋಗುವುದರೊಳಗೆ ಇದರ ಸಸಿ ಮಾಡು. ಸೀಸೆಯಲ್ಲಿ ಬೆಳೆಸುವುದನ್ನು ಕಲಿಸಿದ್ದೇನಲ್ಲ."

ಆ ವಿದ್ಯೆಯನ್ನು ಹಾಲಮ್ಮನಿಗೆ ಯಾರೂ ಕಲಿಸಿರಲಿಲ್ಲ. ಓದಿ, ಕೆಡಿಸಿ, ಮತ್ತೆ ಮಾಡಿ ಕಲಿತಿದ್ದರು.

ಸೋಮಲಿಂಗ ಮರದ ಕುಡಿಗಳನ್ನು ತೊಳೆದು, ಗಿಡದ ಆಹಾರ ಕಾಯಿಸಿ ಸುರಿದ ಸೀಸೆಗಳಲ್ಲಿಟ್ಟ. ಆ ಆಹಾರಕ್ಕೆ ಚಿಗುರೊಡೆಸುವ ಹಾರ್ಮೋನು ಬೆರೆಸಿದ. ಒಂದು ಕುಡಿ ಗೊಂಚಲಾಯಿತು. ಗೊಂಚಲನ್ನು ಬಿಡಿಸಿ, ಬಿಡಿ ಚಿಗುರುಗಳಿಗೆ ಮತ್ತೆ ಅದೇ ಹಾರ್ಮೋನು ಕೊಟ್ಟ. ಕಪಾಟೆಲ್ಲ ಹಸಿರಾಯಿತು.

"ಅಮ್ಮಾ, ಊರಿಗೆಲ್ಲ ಹಂಚುವಷ್ಟಿದೆ!"

ಹಾಲಮ್ಮ ಒಂದು ಸೀಸೆ ಎತ್ತಿ ತಳ ನೋಡಿದರು.

"ಇವು ನಿಲ್ಲುವುದು ಯಾವುದರ ಮೇಲೆ?"

"ಬೇರಿನ ಹಾರ್ಮೋನು ಆಮೇಲೆ ಕೊಡುತ್ತೇನೆ. ಇನ್ನೊಂದು ಸುತ್ತು ಹೆಚ್ಚಲಿ."

ಅವರು ಸೀಸೆ ಇಟ್ಟು ಹೋದರು.

ಹೊಳೆ ಉಕ್ಕಿತು. ಮರ ಉರುಳಿ ನೀರಿನಲ್ಲಿ ಹೋಯಿತು.

ಸೋಮಲಿಂಗ ಓಡಿಬಂದು ಚಿಗುರುಗಳಿಗೆಲ್ಲ ಬೇರಿನ ಹಾರ್ಮೋನು ಕೊಟ್ಟ. ಬೇರು ಬರಲಿಲ್ಲ. ಬುಡ ಗಂಟುಗಟ್ಟಿತು. ಎಲೆಗಳು ಉಬ್ಬಿ ಗಾಜಿನಂತಾದವು.

"ಇನ್ನಷ್ಟು ಹಾಕಲೇ ಅಮ್ಮಾ?"

ಹಾಲಮ್ಮ ಹೊಸ ಆಹಾರ ಕಾಯಿಸಿ ಖಾಲಿ ಸೀಸೆಗಳಿಗೆ ಸುರಿದರು.

"ಇದರಲ್ಲಿ ಯಾವ ಹಾರ್ಮೋನು?"

"ಯಾವುದೂ ಇಲ್ಲ. ತಿಂದದ್ದು ಮೊದಲು ಅರಗಲಿ."

"ಸತ್ತರೆ? ಕುಡಿ ತರಲು ಈಗ ಮರವೇ ಇಲ್ಲ!"

"ಸಾಯಬಹುದು."

"ನಾನು ಕೊಡುವುದಿಲ್ಲ."

"ಹಠಮಾರಿ. ಅರ್ಧ ನನಗೆ ಕೊಡು, ಅರ್ಧ ನೀನಿಟ್ಟುಕೊ."

ಅವನು ಸೊರಗಿದವನ್ನೇ ಆರಿಸಿ ಕೊಟ್ಟ. ಹಾಲಮ್ಮ ನಕ್ಕರು.

"ಗುರುದಕ್ಷಿಣೆ ಬಲು ಚೆನ್ನಾಗಿದೆ ಕಣೋ."

ಅವರ ಸೀಸೆಗಳಲ್ಲಿ ಬಹಳಷ್ಟು ಕಂದಿದವು. ಸೋಮಲಿಂಗ ಇಣುಕಿ ಇಣುಕಿ ಸಂಕಟಪಟ್ಟ. ಉಳಿದ ಕೆಲವಕ್ಕೆ ಎಲೆ ಎಲೆಯ ಹಾಗಾಯಿತು. ಆಗ ಹಾಲಮ್ಮ ಬೇರಿನ ಹಾರ್ಮೋನನ್ನು ತುಸುವೇ ಕೊಟ್ಟರು. ಬುಡದಿಂದ ಬಿಳಿ ಎಳೆಯೊಂದು ಇಳಿಯಿತು.

ಅವನ ಸೀಸೆಗಳು ಕಿಕ್ಕಿರಿದಿದ್ದವು. ಒಂದಕ್ಕೂ ಬೇರಿರಲಿಲ್ಲ. ಎಲ್ಲವನ್ನೂ ತಂದು ಗುರುವಿನ ಮುಂದಿಟ್ಟ.

"ನಿಮ್ಮ ಸಪ್ಪೆ ಊಟ ಇವಕ್ಕೂ ಬಡಿಸಿ, ಅಮ್ಮಾ."

ಬೇರು ಬಿಟ್ಟ ಸಸಿಗಳನ್ನು ನೆರಳಿನ ಮನೆಯಲ್ಲಿ ಮಣ್ಣಿಗೆ ಇಳಿಸಿದರು. ಹೊಸ ಎಲೆ ಮೂಡಿದ ಮೇಲೂ ಸೋಮಲಿಂಗ ತಂಬಿಗೆ ಹಿಡಿದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ಮಣ್ಣು ಕೆಸರಾಗಿತ್ತು.

"ಎಲೆ ಜೋಲುತ್ತಿದೆ ಅಮ್ಮಾ. ಇನ್ನೇನು ಕೊಡಲಿ?"

ಹಾಲಮ್ಮ ಅವನ ಕೈಯಿಂದ ತಂಬಿಗೆ ತೆಗೆದುಕೊಂಡರು.

"ಸ್ವಲ್ಪ ಬಾಯಾರಲು ಬಿಡು."