‘ತಪ್ಪಾತು’ ಅಂದರೆ ಮುಗಿಯಿತೇ?

ಕಲ್ಲವ್ವನಿಗೆ ಜಗಳ ಎಂದರೆ ಆಗುತ್ತಿರಲಿಲ್ಲ. ಓಣಿಯಲ್ಲಿ ಎಲ್ಲಿ ದನಿ ಏರಿದರೂ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಅವಳೇ ಒಂದು ಮದ್ದು ಕಂಡುಕೊಂಡಿದ್ದಳು. ಮಗ ಅಡಿವೆಪ್ಪನ ಮೇಲೆ ಯಾರಾದರೂ ದೂರು ತಂದರೆ ಸಾಕು, ಮಾಡಿದವನು ಅವನೇ ಹೌದೋ ಅಲ್ಲವೋ ಎಂದು ನೋಡುತ್ತಿರಲಿಲ್ಲ. ರಟ್ಟೆ ಹಿಡಿದು ತಂದು ನಿಲ್ಲಿಸಿ, “ತಪ್ಪಾತು ಅನ್ನ. ಕಾಲಿಗೆ ಬೀಳ” ಅನ್ನುತ್ತಿದ್ದಳು. ಹುಡುಗ ಬೀಳುತ್ತಿದ್ದ. ಬಂದವರು ಒಂದಿಷ್ಟು ಗೊಣಗಿ, ಚಹಾ ಕುಡಿದು ಹೋಗುತ್ತಿದ್ದರು. ಕಿಟಕಿ ಒಡೆದವನು ಬೇರೆ ಯಾರೋ ಎಂದು ಆಮೇಲೆ ತಿಳಿದರೂ ಅವಳಿಗೆ ಬೇಸರವಿರಲಿಲ್ಲ. ಮುಗಿಯಿತಲ್ಲ, ಅಷ್ಟು ಸಾಕು. ಓಣಿಯವರು ಅವಳದು ಎಂಥ ದೊಡ್ಡ ಮನಸ್ಸು ಎಂದು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು.

ಅಡಿವೆಪ್ಪ ದೊಡ್ಡವನಾದ ಮೇಲೆ ಗುರುಪಾದಪ್ಪ ಸಾಹುಕಾರರ ಟ್ರ್ಯಾಕ್ಟರ್ ಹೊಡೆಯುವ ಕೆಲಸಕ್ಕೆ ಸೇರಿದ. ಹಿಂದೆ ನೀರಿನ ಟ್ಯಾಂಕರ್ ಕಟ್ಟಿಕೊಂಡು, ನಳಕ್ಕೆ ನೀರು ಬಾರದ ಓಣಿಗಳಿಗೆ ನೀರು ಮುಟ್ಟಿಸುತ್ತಿದ್ದ. ದುಡಿಮೆಯಲ್ಲಿ ಎತ್ತಿದ ಕೈ. ಆದರೆ ಬಾಯಿ ಮಾತ್ರ ಬೀಗ ಹಾಕಿದ ಹಾಗೆ. ಕೇಳಿದ್ದಕ್ಕೆ ತಲೆ ಆಡಿಸುವುದು, ಬೈದರೆ ಕೆಳಗೆ ನೋಡುವುದು, ಇಷ್ಟೇ ಅವನ ಉತ್ತರ.

ಒಂದು ದಿನ ಬೆಳಿಗ್ಗೆ ಬಜಾರದ ಇಳಿಜಾರಿನಲ್ಲಿ ತುಂಬಿದ ಟ್ಯಾಂಕರ್ ಹಿಂದಿನಿಂದ ನೂಕಿಕೊಂಡು ಬಂತು. ಅಡಿವೆಪ್ಪನ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಹೆಗಲ ಮೇಲೆ ಗಾದಿ ಹೊತ್ತು ರಸ್ತೆ ದಾಟುತ್ತಿದ್ದ ದಸ್ತಗೀರಸಾಬರಿಗೆ ಬಡಿಯಿತು. ಗಾದಿ ಹೊಲಿದು ಬದುಕುತ್ತಿದ್ದ ಮುದುಕರ ಕಾಲು ಮುರಿಯಿತು. ಅಡಿವೆಪ್ಪ ಅಜಾಗರೂಕತೆಯಿಂದ ವೇಗವಾಗಿ ಗಾಡಿ ಓಡಿಸಿದ ಎಂದು ಪೊಲೀಸರು ಕೇಸು ಹಾಕಿದರು.

ಅಂದಿನಿಂದ ಕಲ್ಲವ್ವನ ನಿದ್ದೆ ಹಾರಿಹೋಯಿತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ಬಾಗಿಲಲ್ಲಿ ಬೈಕು ನಿಂತ ಸದ್ದಾದರೆ ಪೊಲೀಸರೇ ಬಂದರೆಂದು ಗೋಡೆ ಹಿಡಿದು ನಿಂತಳು. ಸರ್ಕಾರಿ ವಕೀಲರೆಂದರೆ ಜನರನ್ನು ಜೈಲಿಗೆ ಹಾಕಿಸಲಿಕ್ಕೇ ಸಂಬಳ ತೆಗೆದುಕೊಳ್ಳುವವರು ಎಂದು ಯಾರೋ ಹೇಳಿದರು. ಅವಳು ಅದನ್ನೇ ನಂಬಿದಳು.

ಆಗ ಗುರುಪಾದಪ್ಪ ಸಾಹುಕಾರರು ತಾವಾಗಿ ಮನೆಗೆ ಬಂದರು. ಬರಿಗೈಯಲ್ಲಿ ಅಲ್ಲ, ತಮ್ಮ ವಕೀಲರನ್ನು ಕರೆದುಕೊಂಡೇ ಬಂದರು.

“ನಾ ಇರೂತನಕ ನಿನಗ್ಯಾಕ ಚಿಂತಿ ಕಲ್ಲವ್ವ? ವಕೀಲರ ಖರ್ಚು ನಂದು. ಮುದುಕಗ ಕೊಡೂ ಪರಿಹಾರನೂ ನಂದು” ಎಂದರು.

ವಕೀಲರು ಬಿಡಿಸಿ ಹೇಳಿದರು. ಕೇಸು ನಡೆಸಿದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು, ಸೋತರೆ ಜೈಲು. ಅದರ ಬದಲು ಅಡಿವೆಪ್ಪ ತಪ್ಪು ಒಪ್ಪಿಕೊಳ್ಳುತ್ತೇನೆಂದು ಅರ್ಜಿ ಹಾಕಬಹುದು. ಆಗ ಸರ್ಕಾರಿ ವಕೀಲರು, ಪೊಲೀಸರು, ಪೆಟ್ಟು ತಿಂದವರು ಎಲ್ಲ ಕೂತು ಮಾತಾಡಿ ಶಿಕ್ಷೆ ಹಗುರ ಮಾಡುತ್ತಾರೆ. ಕಾನೂನಿನಲ್ಲೇ ಅದಕ್ಕೆ ದಾರಿ ಇದೆ.

ಕಲ್ಲವ್ವನಿಗೆ ಹೋದ ಜೀವ ಬಂದಂತಾಯಿತು. ಇದು ಅವಳದೇ ಹಳೆಯ ಮದ್ದು, ಮೇಲೆ ಸರ್ಕಾರದ ಸಿಕ್ಕಾ ಬಿದ್ದಿದೆ, ಅಷ್ಟೇ. ಸರ್ಕಾರಕ್ಕೂ ಕೊನೆಗೆ ಬುದ್ಧಿ ಬಂತಲ್ಲ ಅಂದುಕೊಂಡಳು. ಮಾಲೀಕರು ಕೇಳದೆ ಯಾಕೆ ಇಷ್ಟು ಉಪಕಾರ ಮಾಡುತ್ತಿದ್ದಾರೆ ಎಂಬ ಯೋಚನೆ ಅವಳ ಹತ್ತಿರ ಸುಳಿಯಲಿಲ್ಲ. ಹೆದರಿದವರಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತದೆ?

ಅವರು ಹೋದ ಮೇಲೆ ಅಡಿವೆಪ್ಪ ಬಾಯಿ ತೆರೆದ. “ಯವ್ವಾ, ಆವತ್ತ ಏನಾತಂದ್ರ...”

“ಆವತ್ತಿನ ಮಾತ ಎತ್ತಬ್ಯಾಡ. ನನ್ನ ಜೀವ ಹಾರತೈತಿ. ತಪ್ಪಾತು ಅನ್ನ, ಮುಗದ ಹೋಗಲಿ.”

ಅವನು ಎಂದಿನಂತೆ ತಲೆ ಆಡಿಸಿದ.

ಅರ್ಜಿ ಹಾಕಿದ್ದಾಯಿತು. ಇಂಥ ಅರ್ಜಿ ಬಂದಾಗ ನ್ಯಾಯಾಧೀಶರು ಆರೋಪಿಯನ್ನು ಒಬ್ಬನನ್ನೇ ಒಳಗೆ ಕರೆದು, ಇದು ನಿನ್ನ ಸ್ವಂತ ಮನಸ್ಸೇ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಬೇಕು. ಕಲ್ಲವ್ವ ಹೆದರಿದ್ದು ಇದಕ್ಕೇ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಸಿದ್ದಳು. ಬಾಗಿಲು ಮುಚ್ಚಿದ ಕೂಡಲೇ ಹೊರಗೆ ನಿಂತು, ಒಳಗೆ ಮಗ ಹೇಳಬೇಕಾದ್ದನ್ನು ತಾನೇ ತುಟಿ ಆಡಿಸಿ ಹೇಳತೊಡಗಿದಳು. ಬಾಗಿಲಲ್ಲಿದ್ದ ಜವಾನ, ಮುದುಕಿ ಮಂತ್ರ ಹಾಕುತ್ತಿದ್ದಾಳೋ ಏನೋ ಎಂದು ಒಂದು ಹೆಜ್ಜೆ ದೂರ ಸರಿದ.

ಮಗ ಹೊರಗೆ ಬಂದ.

“ಏನ ಕೇಳಿದ್ರು?”

“ಯಾರರ ಹೇಳಿಕೊಟ್ಟಾರೇನು ಅಂತ ಕೇಳಿದ್ರು.”

“ನೀ ಏನಂದಿ?”

“ಯಾರೂ ಇಲ್ಲ ಅಂದೆ.”

“ಬಂಗಾರದಂಥ ಮಗ” ಎಂದು ಅವನ ತಲೆ ನೇವರಿಸಿದಳು.

ಇನ್ನು ಉಳಿದದ್ದು ಎಲ್ಲರೂ ಕೂತು ಮಾತಾಡುವ ಸಭೆ. ಆ ದಿನ ಕಲ್ಲವ್ವ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದಳು. ಸರ್ಕಾರಿ ವಕೀಲರು ಹೆಣ್ಣುಮಗಳೆಂದು ತಿಳಿದು ಸ್ವಲ್ಪ ಧೈರ್ಯ ಬಂದಿತ್ತು. ಮೇಡಂ ಹೋಳಿಗೆಯ ಗಂಟು ನೋಡಿದವರೇ, “ಅದನ್ನ ಒಳಗಿಡವ್ವ, ನನ್ನ ನೌಕರಿಗೇ ಕುತ್ತು ತರತಿ” ಎಂದರು. ಕಲ್ಲವ್ವ ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮೊದಲನೆಯ ಹೆಜ್ಜೆಯಲ್ಲೇ ಎಡವಿದೆನಲ್ಲ ಎಂದು ಒಳಗೊಳಗೇ ಶಪಿಸಿಕೊಂಡಳು. ಆದರೂ ಮೇಡಂ ಅವಳನ್ನು ಕೂರಗೊಟ್ಟರು. ನಡುವೆ ಬಾಯಿ ಹಾಕಬಾರದು ಎಂದು ಮಾತ್ರ ಹೇಳಿದರು.

ಒಂದು ಕಡೆ ಸಾಹುಕಾರರು ಕೊಟ್ಟ ವಕೀಲರು, ಅವರ ಪಕ್ಕದಲ್ಲಿ ಅಡಿವೆಪ್ಪ. ಎದುರಿಗೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್. ದಸ್ತಗೀರಸಾಬರು ಪಟ್ಟಿ ಕಟ್ಟಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದರು. ಸಾಹುಕಾರರು ಹೊರಗೆ ಕಾರಿನಲ್ಲೇ ಇದ್ದರು.

ಮೇಡಂ ಆರೋಪ ಓದಿದರು. “ವೇಗವಾಗಿ ಹೊಡದದ್ದು ಖರೇ ಏನಪಾ?”

ಅಡಿವೆಪ್ಪ ಬಾಯಿ ತೆರೆಯುವ ಮೊದಲೇ ಕಲ್ಲವ್ವ, “ಹೌದ್ರಿ ಯವ್ವಾ, ತಪ್ಪಾತ್ರಿ” ಎಂದಳು. ಮೇಡಂ ಕನ್ನಡಕದ ಮೇಲಿಂದ ನೋಡಿದರು. ವಕೀಲರು ಪರಿಹಾರದ ಮಾತು ತೆಗೆದರು, ಸಾಬರಿಗೆ ಒಪ್ಪಿಗೆಯೇ ಎಂದು ಕೇಳಿದರು.

ಮುದುಕರು ಗಡ್ಡ ಕೆರೆದುಕೊಂಡರು. “ಪರಿಹಾರ ಬ್ಯಾಡನ್ನಂಗಿಲ್ರಿ, ಮನಿಯಾಗ ಕುಂತೀನಿ. ಆದ್ರ ನನಗ ಒಂದ ಮಾತ ಗೊತ್ತಾಗಬೇಕು. ಈ ತಮ್ಮ ನನ್ನ ನೋಡ್ಯಾನ. ಹಾರನ್ ಹೊಡದಾನ, ಬಾಜೂಕ ಸರಿ ಅಂತ ಕೈ ಬೀಸ್ಯಾನ. ಕುಡದಿರಲಿಲ್ಲ, ನಿದ್ದಿಗಣ್ಣಾಗೂ ಇರಲಿಲ್ಲ. ಹಂಗಾದ್ರ ಬ್ರೇಕ್ ಯಾಕ ಹಾಕಲಿಲ್ಲ?”

“ತಪ್ಪಾತ್ರಿ ಅಣ್ಣಾರ” ಎಂದಳು ಕಲ್ಲವ್ವ.

“ನಿನ್ನ ಕೇಳಿಲ್ಲ ತಂಗಿ. ಗಾಡಿ ಹೊಡದಂವನ್ನ ಕೇಳಾಕತ್ತೀನಿ.”

ಅಡಿವೆಪ್ಪ ಸಾಬರನ್ನು ನೋಡಲಿಲ್ಲ, ಮೇಡಂ ಅವರನ್ನೂ ನೋಡಲಿಲ್ಲ. ತಾಯಿಯನ್ನು ನೋಡಿದ. ಏನು ಹೇಳಲಿ ಎಂದು ಕೇಳುವ ನೋಟ. ಹುಡುಗನಿದ್ದಾಗ ರಟ್ಟೆ ಹಿಡಿದು ನಿಲ್ಲಿಸಿದಾಗಲೂ ಹೀಗೇ ನೋಡುತ್ತಿದ್ದ. ಅದು ತಾಯಿಯ ಮೇಲಿನ ಗೌರವ ಎಂದು ಅವಳು ತಿಳಿದಿದ್ದಳು.

ತಪ್ಪಾತು ಅನ್ನ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಇವತ್ತೇ ಎಲ್ಲ ಮುಗಿಯುತ್ತಿತ್ತು. ಮಗ ಜೈಲು ಇಲ್ಲದೆ ಮನೆಗೆ ಬರುತ್ತಿದ್ದ. ಆದರೆ ಕಾಲು ಮುರಿದುಕೊಂಡ ಮನುಷ್ಯ ಕೇಳಿದ ಪ್ರಶ್ನೆಯನ್ನು ಹೆತ್ತ ತಾನು ಈವರೆಗೆ ಕೇಳಿಯೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ನಾಚಿಕೆಯಾಯಿತು.

“ಹೇಳಪಾ” ಎಂದಳು. ಮತ್ತೆ ಹೇಳಿದಳು, “ಏನಾತು, ಹೇಳ.”

ಅಡಿವೆಪ್ಪ ತಡವರಿಸುತ್ತಲೇ ಶುರು ಮಾಡಿದ. “ಬ್ರೇಕ್ ಹಾಕಿದ್ನಿರಿ. ಹಿಡೀಲಿಲ್ಲ. ಮೊದಲ ಸಡಲ ಆಗಿತ್ತು, ಸಾಹುಕಾರ್ರಿಗೆ ಹೇಳಿದ್ದೆ. ಲಗ್ನದ ಸೀಜನ್ ಐತಿ, ಈ ವಾರ ಹೆಂಗರ ಹೊಡಿ, ಆಮ್ಯಾಲ ರಿಪೇರಿ ಮಾಡಸೂಣು ಅಂದ್ರು. ಹಿಡಿಯೂದಿಲ್ಲ ಅಂತ ಗೊತ್ತಿದ್ದೂ ತುಂಬಿದ ಟ್ಯಾಂಕರ್ ತಗೊಂಡ ಇಳಿಜಾರಿಗೆ ಬಂದೆ. ಅದು ನನ್ನ ತಪ್ಪು. ಅಷ್ಟಕ್ಕ ಏನ ಶಿಕ್ಷಾ ಕೊಟ್ರೂ ತಗೋತೀನಿ. ಜೋರ ಹೊಡದೆ ಅಂತ ಬರದಾರಲ್ರಿ, ಅದನ್ನ ನಾ ಮಾಡಿಲ್ಲ.”

ವಕೀಲರು ಧಡಕ್ಕನೆ ಎದ್ದರು. “ಮೇಡಂ, ಹುಡುಗ ಹೆದರ್ಯಾನ, ಏನೇನೋ ಮಾತಾಡಾಕತ್ತಾನ...”

ಮೇಡಂ ಅವರತ್ತ ತಿರುಗಲೇ ಇಲ್ಲ. ಸಬ್‌ಇನ್‌ಸ್ಪೆಕ್ಟರನ್ನು ಕೇಳಿದರು, “ಬ್ರೇಕ್ ತಪಾಸಣಿ ಆಗೇತೇನ್ರಿ?”

“ಆಗೇತ್ರಿ. ಬ್ರೇಕ್ ಛಲೋ ಐತಿ ಅಂತ ವರದಿ ಬಂದೈತಿ. ಹೊಸಾದೇ ಇತ್ತಂತ.”

“ಹೊಸಾದು ಯಾವಾಗ ಹಾಕಿದ್ದು? ಅಪಘಾತಕ್ಕ ಮೊದಲೋ, ಆಮ್ಯಾಲೋ?”

ಪೊಲೀಸರು ವರದಿಯ ಹಾಳೆ ತಿರುವಿದರು, ಅದರಲ್ಲಿ ಆ ತಾರೀಖು ಬರೆದಿರಲಿಲ್ಲ. ಮೇಡಂ ಫೈಲು ಮುಚ್ಚಿದರು. “ಯಾರ ತಪ್ಪು ಎಷ್ಟು ಅಂತ ತಿಳಿಯೂತನಕ ನಾ ಈ ರಾಜಿಗೆ ಸಹಿ ಹಾಕೂದಿಲ್ಲ. ಇದನ್ನ ಜಜ್ ಸಾಹೇಬರ ಮುಂದ ಇಡತೀನಿ, ಮತ್ತೊಮ್ಮೆ ತನಿಖೆ ಆಗಲಿ.”

ಹೊರಗೆ ಬರುವಷ್ಟರಲ್ಲಿ ಸುದ್ದಿ ಕಾರಿಗೆ ಮುಟ್ಟಿತ್ತು. ಸಾಹುಕಾರರು ಕಲ್ಲವ್ವನ ಕಡೆ ನೋಡದೆ ಗಾಡಿ ತಿರುಗಿಸಿಕೊಂಡು ಹೋದರು. ಇನ್ನು ಮೇಲೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ವಕೀಲರೂ ನಡೆದರು. ಕೆಲಸ ಹೋಯಿತು, ಆಸರೆ ಹೋಯಿತು, ಕೇಸು ಮಾತ್ರ ಉಳಿಯಿತು. ಮುಂದೆ ಏನಾಗುತ್ತದೋ ಆ ದೇವರಿಗೇ ಗೊತ್ತು. ಕಲ್ಲವ್ವ ಮಗನ ಜೊತೆ ನಡೆದು ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು.

“ಅಲ್ಲೋ, ಇಷ್ಟ ದಿನ ಹೊಟ್ಟ್ಯಾಗ ಇಟಗೊಂಡ ಕುಂತಿದ್ದಿ. ನನಗರ ಮೊದಲ ಹೇಳಬಾರದಿತ್ತೇನು?”

“ನೀ ಎಂದರ ಕೇಳಿದ್ದಿಯೇನು ಯವ್ವಾ?” ಎಂದ ಅಡಿವೆಪ್ಪ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ. ಅವರ ಊರಿನ ಬಸ್ಸು ಬಂತು. ಅಡಿವೆಪ್ಪ ಏಳಹೋದ. ಕಲ್ಲವ್ವ ಅವನ ರಟ್ಟೆ ಹಿಡಿದು ಕೂರಿಸಿದಳು.

“ಇದು ಹೋಗಲಿ, ಮತ್ತೊಂದ ಬರತೈತಿ. ಈಗ ಕೇಳಾಕತ್ತೀನಿ. ಆವತ್ತ ಮುಂಜಾನೆ ಮನಿ ಬಿಟ್ಟಲ್ಲಿಂದ ಹೇಳ.”

ನೀತಿ: ನಮ್ಮವರು ಆಪತ್ತಿನಲ್ಲಿ ಸಿಕ್ಕಿಬಿದ್ದಾಗ ಅವರ ಪರವಾಗಿ ಮಾತಾಡುವ ಮೊದಲು ಅವರ ಮಾತು ಕೇಳಬೇಕು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು. ಮಾಡದ ತಪ್ಪನ್ನು ಮನೆಯವರ ಹೆದರಿಕೆಗೆ ಒಪ್ಪಿಕೊಂಡರೆ, ನಿಜವಾಗಿ ತಪ್ಪು ಮಾಡಿದವನು ಹೊರಗೆ ಕಾರಿನಲ್ಲಿ ನಿಶ್ಚಿಂತೆಯಿಂದ ಕೂತಿರುತ್ತಾನೆ.