ಗಾಜಿನ ಪೆಟ್ಟಿಗೆಯ ಮಚವೆ

ಹೊಳೆ ಕಡಲು ಸೇರುವ ಕಡೆ ಒಂದು ಊರು. ಅಲ್ಲಿ ಜಟ್ಟಪ್ಪ ಎಂಬವನು ಕಡವಿನ ಲಾಂಚು ನಡೆಸುತ್ತಿದ್ದ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ. ವಯಸ್ಸಾಯಿತು. ಒಂದು ದಿನ ಹಾರ ಹಾಕಿ ಮನೆಗೆ ಕಳಿಸಿದರು.

ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಸಾರು ಕುದಿಯುವ ಮೊದಲೇ ಉಪ್ಪು ಹೆಚ್ಚಾಯಿತು ಅನ್ನುತ್ತಿದ್ದ. ಹೆಂಡತಿ ಹೊನ್ನಮ್ಮ ಕೆಲವು ದಿನ ತಡೆದುಕೊಂಡಳು. ಆಮೇಲೆ ಹೇಳಿದಳು.

"ಈ ಒಲೆ ನಡೆಸೂಕೆ ನಾನಿದ್ದೆ. ನೀವು ಬೇರೆ ಏನಾದ್ರೂ ನಡೆಸಿ."

ಏನು ನಡೆಸಲಿ ಎಂದು ಅವನು ಕೇಳಿದ.

"ನನ್ನ ಅಪ್ಪನ ಮಚವೆ ಮಾಡಿಕೊಡಿ. ಸಣ್ಣದು. ತೇಲ್ಬೇಕು ಮತ್ತೆ."

ಮಚವೆ ಎಂದರೆ ಸರಕು ಸಾಗಿಸುವ ಹಾಯಿಹಡಗು. ಹೊನ್ನಮ್ಮನ ಅಪ್ಪ ಅಂಥ ಒಂದು ಮಚವೆಯ ತಾಂಡೇಲನಾಗಿದ್ದ. ಹಡಗು ನಡೆಸುವ ಯಜಮಾನ. ಹೆಂಚು ತುಂಬಿಕೊಂಡು ದೂರದ ಬಂದರಿಗೆ ಹೋಗುತ್ತಿದ್ದ. ಹೆಣ್ಣುಮಕ್ಕಳನ್ನು ಅದಕ್ಕೆ ಹತ್ತಿಸುತ್ತಿರಲಿಲ್ಲ. ಅವಳು ಮರಳಿನ ಮೇಲೆ ನಿಂತು ಹಾಯಿ ಕಾಣದಾಗುವವರೆಗೆ ನೋಡುತ್ತಿದ್ದಳು. ಮುಂದೆ ಅಪ್ಪ ತೀರಿಹೋದ. ಮಚವೆಯನ್ನೂ ಒಡೆದು ಸೌದೆ ಮಾಡಿದರು. ಅದು ನೀರಿನ ಮೇಲೆ ನಡೆಯುವುದನ್ನು ಇನ್ನೊಂದು ಸಲ ನೋಡಬೇಕು ಎಂಬುದು ಅವಳ ಆಸೆ.

ಜಟ್ಟಪ್ಪ ಕೂತ. ಲಾಂಚಿನ ಮುರಿದ ಬೆಂಚಿನ ಸಾಗುವಾನಿ ತಂದ. ಊರಿನಲ್ಲಿ ಕಾಸಿಂ ಸಾಬರು ಎಂಬ ಹಡಗಿನ ಬಡಗಿ ಇದ್ದರು. ಅವರಿಗೂ ವಯಸ್ಸಾಗಿ ಕೆಲಸ ನಿಂತಿತ್ತು. ಅವರು ಹಲಗೆ ಸೀಳಿಕೊಟ್ಟರು. ಎಲೆಯಷ್ಟು ತೆಳು. ಜಟ್ಟಪ್ಪ ಅದನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಪಕ್ಕೆಲುಬಿನಂಥ ಒಳಮರಗಳಿಗೆ ಹೊಂದಿಸಿ ಮೊಳೆ ಹೊಡೆದ. ಹಾಯಿಕಂಬ ನೆಟ್ಟಗೆ ನಿಲ್ಲಿಸಿದ. ಹೊನ್ನಮ್ಮ ಬಂದು ನೋಡಿ, ಕಂಬ ಮುಂದಕ್ಕೆ ಬಾಗಿರ್ತಿತ್ತು, ಅದು ನಮಸ್ಕಾರ ಮಾಡ್ತದೆ ಅಂತ ಅಪ್ಪ ಹೇಳ್ತಿದ್ದ ಎಂದಳು. ಅವನು ಕಿತ್ತು ಮತ್ತೆ ನಿಲ್ಲಿಸಿದ.

ಹಡಗಿನ ಹಲಗೆ ಸಂದಿಗೆ ಹತ್ತಿ ತುಂಬಬೇಕು. ಇಲ್ಲದಿದ್ದರೆ ನೀರು ಒಳಗೆ ಬರುತ್ತದೆ. ಇದರ ಸಂದಿ ಕೂದಲಿನಷ್ಟು. ಅಂಥ ಹತ್ತಿ ಯಾರು ಹೊಸೆಯಬೇಕು? ಹೊನ್ನಮ್ಮ ದೇವರ ದೀಪಕ್ಕೆ ಬತ್ತಿ ಹೊಸೆಯುವವಳು. ತೊಡೆಯ ಮೇಲೆ ಅಂಗೈ ಎಳೆದು ನೂಲಿನಂಥ ಬತ್ತಿ ಹೊಸೆದುಕೊಟ್ಟಳು. ಅವನು ಹೊನ್ನೆ ಎಣ್ಣೆಯಲ್ಲಿ ಅದ್ದಿ ಮೊಂಡು ಉಳಿಯಿಂದ ಒತ್ತಿದ. ಮಳೆಗಾಲವಿಡೀ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತರು. ಮಾತು ಕಡಿಮೆ. ಅದು ಅವರ ಒಳ್ಳೆಯ ಕಾಲ.

ಮಚವೆ ಆಯಿತು. ಬಹಳ ಚೆಂದ ಆಯಿತು. ಅಲ್ಲಿಂದ ಕೆಟ್ಟಿತು.

ನೋಡಲು ಜನ ಬಂದರು. ಹೊಗಳಿದರು. ಜಟ್ಟಪ್ಪನಿಗೆ ಹೆದರಿಕೆ ಹುಟ್ಟಿತು. ಉಪ್ಪುನೀರು ತಾಗಿದರೆ ಬಣ್ಣ ಹೋಗುತ್ತದೆ. ಗಾಳಿ ಬೀಸಿದರೆ ಕಂಬ ಮುರಿಯುತ್ತದೆ. ಯಾವಾಗ ಬಿಡ್ತ್ರಿ ಎಂದು ಹೊನ್ನಮ್ಮ ಕೇಳಿದಳು. ಚೌತಿ ಕಳೆಯಲಿ ಅಂದ. ಚೌತಿ ಕಳೆಯಿತು. ಹಗ್ಗದ ಕೆಲಸ ಬಾಕಿ ಇದೆ ಅಂದ. ದೀಪಾವಳಿ ಕಳೆಯಿತು. ಗಾಜಿನ ಪೆಟ್ಟಿಗೆ ಮಾಡಿಸಿ ಅದರೊಳಗೆ ಇಟ್ಟ. ಬಿಸಿಲು ಬರುವ ಕಿಟಕಿಯ ಹತ್ತಿರ, ದಾರಿಯವರಿಗೂ ಕಾಣಲಿ ಎಂದು.

ಕಾಸಿಂ ಸಾಬರು ನೋಡಿ ನಕ್ಕರು. "ಏನ್ ಜಟ್ಟಪ್ಪ, ಹಡಗಿಗೆ ಸೊಳ್ಳೆ ಕಚ್ತದಾ?"

ಹೊನ್ನಮ್ಮ ನಗಲಿಲ್ಲ. ಪೆಟ್ಟಿಗೆಯ ಗಾಜು ದಿನವೂ ಸೆರಗಿನಿಂದ ಒರೆಸುತ್ತಿದ್ದಳು.

ಬೇಸಿಗೆಗೆ ಅವಳು ಹಾಸಿಗೆ ಹಿಡಿದಳು. ಎದೆಯ ಕಾಯಿಲೆ. ಹೊಳೆಯವರೆಗೆ ನಡೆಯುವುದು ಇನ್ನಿಲ್ಲ ಎಂದು ಅವಳಿಗೆ ತಿಳಿದಿತ್ತು. ಒಂದು ಮಧ್ಯಾಹ್ನ ಗಂಡನನ್ನು ಕರೆದಳು.

"ಬಚ್ಚಲ ಕೊಪ್ಪರಿಗೆಗೆ ನೀರು ತುಂಬಿ ಇಲ್ಲಿ ತನ್ನಿ. ಅದ್ರಲ್ಲೇ ಬಿಡಿ. ಮಲ್ಕಂಡೇ ನೋಡ್ತೆ."

ಅವನು ಹೋಗಿ ಪೆಟ್ಟಿಗೆ ತೆರೆದ. ಬದಿಯ ಕೆಂಪು ಗೆರೆ ಸರಿಯಿಲ್ಲ ಎಂದು ಹಿಂದಿನ ದಿನ ಮತ್ತೆ ಬಳಿದಿದ್ದ. ಬೆರಳಿಟ್ಟ. ಅಂಟಿತು. ಪೆಟ್ಟಿಗೆ ಮುಚ್ಚಿ ಬರಿಗೈಯಲ್ಲಿ ಬಂದ.

"ಬಣ್ಣ ಹಸಿ ಇದೆ. ನೀರು ತಾಗಿದ್ರೆ ಏಳ್ತದೆ. ನೀ ಹುಷಾರಾಗು. ಹೊಳೆಗೇ ಬಿಡುವ."

ಅವಳು ಗೋಡೆಯ ಕಡೆ ನೋಡಿದಳು. "ಆಯ್ತು. ಒಣಗ್ಲಿ."

ಬಣ್ಣ ಮಾರನೇ ದಿನ ಒಣಗಿತು. ಅಷ್ಟು ಹೊತ್ತಿಗೆ ಅವಳು ಇರಲಿಲ್ಲ.

ಕಾರ್ಯ ಎಲ್ಲ ಮುಗಿಯಿತು. ಬಂದವರು ಹೋದರು. ಜಟ್ಟಪ್ಪ ಮಚವೆಯನ್ನು ಎತ್ತಿಕೊಂಡು ಹೊಳೆಗೆ ನಡೆದ. ಕಾಸಿಂ ಸಾಬರು ಕಂಡು, ಏನೂ ಕೇಳದೆ ಹಿಂದೆ ಬಂದರು. ಅವನು ಕಲ್ಲಿನ ಮೆಟ್ಟಿಲಲ್ಲಿ ಕೂತು ಅದನ್ನು ನೀರಿಗೆ ಬಿಟ್ಟ. ಅದು ಒಂದು ಗಳಿಗೆ ನಿಂತಿತು. ಆಮೇಲೆ ಎಲ್ಲ ಸಂದಿಯಿಂದಲೂ ನೀರು ಒಳಗೆ ಬಂತು. ಮಗ್ಗುಲಾಗಿ ತಳ ಸೇರಿತು.

ಜಟ್ಟಪ್ಪ ಬಗ್ಗಿ ನೀರಿನೊಳಗೆ ನೋಡಿದ. ಆಮೇಲೆ, ಅವಳ ಬತ್ತಿ ನಿಲ್ಲಲಿಲ್ಲ ಸಾಬ್ರೇ ಅಂದ.

ಕಾಸಿಂ ಸಾಬರು ಮೆಟ್ಟಿಲಿಳಿದು ಪಕ್ಕ ಕೂತರು.

"ಅವಳ ಬತ್ತಿಯನ್ನ ಯಾಕೆ ದೂರ್ತಿ? ಮಳೆಗಾಲದಲ್ಲಿ ಮೇಲೆ ಎಳೆದಿಟ್ಟ ದೋಣಿ ಮತ್ತೆ ಇಳಿಸೂಕೆ ಮೊದಲು ಏನ್ ಮಾಡ್ತಾರೆ? ನಿನಗೆ ನಾನು ಹೇಳ್ಬೇಕಾ?"

ಅವನಿಗೆ ಗೊತ್ತಿತ್ತು. ಆ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ನೀರಿನಿಂದ ಹೊರಗಿದ್ದ ಮರ ಒಣಗಿ ಕುಗ್ಗುತ್ತದೆ. ಸಂದಿ ಬಾಯಿ ಬಿಡುತ್ತದೆ. ಅಂಥ ದೋಣಿಯನ್ನು ಮೊದಲು ನೀರಿನಲ್ಲೇ ಮುಳುಗಿಸಿ ಬಿಡುತ್ತಾರೆ. ಮರ ಕುಡಿಯುತ್ತದೆ, ಹತ್ತಿ ಉಬ್ಬುತ್ತದೆ, ಸಂದಿ ತಾನೇ ಮುಚ್ಚುತ್ತದೆ. ಪ್ರತಿ ವರ್ಷ ಊರ ದೋಣಿಗಳಿಗೆ ಅವನೇ ಅದನ್ನು ಮಾಡಿದ್ದ. ಚೆಂದದ ವಸ್ತುವೆಂದು ಇದೊಂದಕ್ಕೆ ಮರೆತಿದ್ದ. ನೀರಿನಿಂದ ಕಾಯುತ್ತೇನೆಂದು ಬಿಸಿಲಿಗೆ ಕೊಟ್ಟಿದ್ದ.

ಮುಳುಗಿದ ಮಚವೆಗೆ ಹಗ್ಗ ಕಟ್ಟಿ ಕಲ್ಲಿಗೆ ಬಿಗಿದರು. ಕಡಲಿನ ಒಂದು ಭರತ ಬಂದು ಹೋಯಿತು. ಒಂದು ಇಳಿತ ಬಂದು ಹೋಯಿತು. ಬೆಳಿಗ್ಗೆ ಎತ್ತಿ, ಒಳಗಿನ ನೀರನ್ನು ತೆಂಗಿನ ಚಿಪ್ಪಿನಿಂದ ತೋಡಿ, ಮತ್ತೆ ಬಿಟ್ಟರು.

ನಿಂತಿತು. ಕೆಂಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಒಳಗೆ ಒಂದು ಹನಿ ಬರಲಿಲ್ಲ. ಸಂದಿಯಲ್ಲಿ ಅವಳು ಹೊಸೆದ ಬತ್ತಿ ಬೆಳ್ಳಗೆ ಉಬ್ಬಿ ಕಾಣುತ್ತಿತ್ತು. ಗಾಳಿ ಹಾಯಿಗೆ ಸಿಕ್ಕಿತು. ಕಂಬ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತ ಮಚವೆ ನಡೆಯಿತು.

ಜಟ್ಟಪ್ಪ ಹಿಂದಕ್ಕೆ ತಿರುಗಿದ. "ಹೊನ್ನಿ, ನೋಡೇ" ಎಂದ.

ಕಾಸಿಂ ಸಾಬರು ಮುಖ ಆಚೆ ಮಾಡಿ ಆ ದಡವನ್ನೇ ನೋಡುತ್ತಿದ್ದರು.

ಮಚವೆ ಮತ್ತೆ ಮನೆಯೊಳಗೆ ಬರಲಿಲ್ಲ. ಮೆಟ್ಟಿಲ ಹತ್ತಿರ ನೀರಿನಲ್ಲೇ ಕಟ್ಟಿರುತ್ತಿತ್ತು. ಕೇಳಿದವರಿಗೆಲ್ಲ ಅವನು ಹಗ್ಗ ಬಿಚ್ಚಿ ಕೊಡುತ್ತಿದ್ದ. ಗಾಜಿನ ಪೆಟ್ಟಿಗೆ ಕಾಸಿಂ ಸಾಬರ ಕೋಳಿಮರಿಗಳಿಗೆ ಹೋಯಿತು.

ನೀತಿ: ಪ್ರೀತಿಯಿಂದ ಮಾಡಿದ್ದನ್ನು ಕೆಟ್ಟೀತೆಂದು ಎತ್ತಿಡಬೇಡಿ. ಎತ್ತಿಟ್ಟಲ್ಲೇ ಅದು ಒಣಗಿ ಬಿರಿಯುತ್ತದೆ. ಯಾರಿಗಾಗಿ ಮಾಡಿದಿರೋ ಅವರು ಕೇಳಿದ ದಿನವೇ ನೀರಿಗಿಳಿಸಿ. ಬಣ್ಣ ಮತ್ತೆ ಬಳಿಯಬಹುದು.