ಮಾಯಿಗನ ಮನೆಗೆ ಇಂದುಮುಖಿ ಬಂದದ್ದು

ಹೂಂ ಅನ್ನುವವರು ಗಟ್ಟಿಯಾಗಿ ಹೂಂ ಅನ್ನಿ, ನಗು ಬಂದವರು ಬಾಯಿ ಮುಚ್ಚಿಕೊಳ್ಳಬೇಡಿ. ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಮಾಯಿಗ ಅಂತ ಒಬ್ಬನೇ ಮಗ. ಆಳು ನೋಡಿದರೆ ಆರಡಿ, ಬುದ್ಧಿ ನೋಡಿದರೆ ಅಂಗೈಯಗಲ. ಆದರೆ ಹೇಳಿದ ಮಾತು ಮೀರುವವನಲ್ಲ. ತೊಂದರೆಯೆಲ್ಲ ಅಲ್ಲೇ ಇದ್ದದ್ದು!

ಸಾಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮನೆಯಲ್ಲಿ ಟೀವಿ ಇಲ್ಲ. ಎಂಟು ವರ್ಷದಿಂದ ಎದುರು ಮನೆ ಜಗಲಿ ಮೇಲೆ ಕೂತು ಇಂದುಮುಖಿ ಅನ್ನುವ ಹುಡುಗಿಯ ಸೀರಿಯಲ್ ನೋಡುತ್ತಿದ್ದವಳು. ಪಾಪ, ಆ ಇಂದುಮುಖಿಗೆ ಮೂರು ಸಲ ಮದುವೆ ಮುರಿದಿತ್ತು. ಈಗ ಬರುವ ಶುಕ್ರವಾರ ಸಂಜೆ ಏಳಕ್ಕೆ ಕೊನೇ ಕಂತು, ನಾಲ್ಕನೇ ಮುಹೂರ್ತ!

"ಅಯ್ಯೋ, ಆ ಹೆಣ್ಣಿನ ಕೊಳ್ಗೆ ತಾಳಿ ಬೀಳೋದ ನೋಡ್ದೆ ಹೋಯ್ತೀನಲ್ಲಪ್ಪೋ!" ಅಂತ ಸಾಕಮ್ಮ ಅತ್ತೇ ಅತ್ತಳು.

ಊರಿನ ರೇವಣ್ಣ ಮೇಷ್ಟ್ರು ಕರಗಿಹೋದರು. "ನಮ್ಮನೇಲಿ ಹಳೇ ಕಂಪ್ಯೂಟರ್ ಇದೆ, ಸಾಕಮ್ಮ. ನನ್ನ ಮೊಬೈಲಿಂದ ಅದಕ್ಕೆ ನೆಟ್ ಕೊಟ್ಟರೆ ಸೀರಿಯಲ್ ಅದರಲ್ಲೇ ಬರುತ್ತೆ. ಮಾಯಿಗನ್ನ ಕಳಿಸು," ಅಂದರು.

ಮಾಯಿಗ ಹೋದ. ಮೇಷ್ಟ್ರು ಪರದೆ, ಪೆಟ್ಟಿಗೆ, ವೈರು ಎಲ್ಲ ಕೊಟ್ಟು, "ನೆಲಕ್ಕೆ ಬೀಳಿಸಬೇಡ ಕಣಪ್ಪ!" ಅಂದರು.

ಬೀಳಿಸುತ್ತಾನೆಯೇ? ಗೋಣಿಚೀಲದ ಮೇಲೆ ಎಲ್ಲ ಇಟ್ಟು, ಚೀಲಕ್ಕೆ ಹಗ್ಗ ಬಿಗಿದು, ಬೀದಿಯುದ್ದಕ್ಕೂ ದರದರ ಎಳೆದುಕೊಂಡು ಬಂದ!

"ಏನ್ಲಾ ಇದು!" ಅಂತ ಸಾಕಮ್ಮ ಕಿರುಚಿದಳು.

"ನೆಲಕ್ಕೆ ಬೀಳಿಸ್ಬ್ಯಾಡ ಅಂದ್ರು ಕಣವ್ವ. ನೆಲದ ಮೇಲೇ ಇದ್ರೆ ಬೀಳೋದೆಲ್ಲಿಂದ?"

"ನನ್ ಹಣೆಬರಾ! ಹಸುಗೂಸನ್ನ ನೋಡ್ಕಂಡಂಗೆ ನೋಡ್ಕಬೇಕು ಕಣ್ಲಾ ಅದ್ನ!"

"ಆಗ್ಲಿ ಕಣವ್ವ!" ಅಂದ ಮಾಯಿಗ.

ಮಾರನೇ ದಿನ ಮೇಷ್ಟ್ರು ಮೊಬೈಲು ಹಿಡಿದು ಬಂದರೆ ಮನೆ ತುಂಬ ಹೊಗೆ! "ಸುಟ್ಟುಹೋಯ್ತಾ!" ಅಂತ ಒಳಗೆ ನುಗ್ಗಿ ನೋಡುತ್ತಾರೆ, ಕಂಪ್ಯೂಟರಿಗೆ ಕಂಬಳಿ ಸುತ್ತಿದೆ. ಪರದೆಯ ಕೆನ್ನೆಗೆ ಇಷ್ಟು ದಪ್ಪ ದೃಷ್ಟಿಬೊಟ್ಟು. ಮಾಯಿಗ ಪಕ್ಕದಲ್ಲಿ ಕೂತು ಸಾಂಬ್ರಾಣಿ ಹೊಗೆ ಹಾಕುತ್ತಾ ಜೋ ಜೋ ಅನ್ನುತ್ತಿದ್ದಾನೆ!

"ಎಣ್ಣೆ ನೀರು ಇನ್ನೂ ಆಗಿಲ್ಲ ಸಾ," ಅಂದ.

"ನೀರು ಹಾಕಿದ್ದರೆ ನಿನ್ನ ಚರ್ಮ ಸುಲೀತಿದ್ದೆ!" ಅಂದರು ಮೇಷ್ಟ್ರು. ಕಂಬಳಿ ಕಿತ್ತೆಸೆದು, ಒರೆಸಿ, ವೈರು ಸಿಕ್ಕಿಸಿದರು. ಪರದೆ ಬೆಳಗಿತು. ನಡುವೆ ಬಳೆಯಂಥದ್ದೊಂದು ಗರಗರ ಸುತ್ತತೊಡಗಿತು. ಮಾಯಿಗ ಬೆರಳು ಚಾಚಿದ.

"ಮುಟ್ಟಬೇಡ! ಸುತ್ತುತ್ತಾ ಇದ್ದರೆ ಕೈಕಟ್ಟಿಕೊಂಡು ಕಾಯಬೇಕು. ಸುತ್ತೋದು ನಿಂತ ಮೇಲೆ ಸೀರಿಯಲ್ ಬರುತ್ತೆ."

ಬಂತು! ಅಯ್ಯಪ್ಪಾ, ಅದನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತೆ. ಮನೆ ಮೇಲೆ ಡಿಶ್ಶಿನ ಛತ್ರಿಯಿಲ್ಲ, ಹೊರಗಿಂದ ಒಂದು ತಂತಿಯಿಲ್ಲ. ಕಿಟಕಿಯಲ್ಲಿಟ್ಟ ಅಂಗೈಯಗಲದ ಮೊಬೈಲಿಂದ ಆ ಗುಜರಿ ಪೆಟ್ಟಿಗೆಯೊಳಕ್ಕೆ ಇಂದುಮುಖಿ ಬಂದುಬಿಟ್ಟಳು, ಅದೂ ಮಹಡಿ, ಮೆಟ್ಟಿಲು, ಕಾರು, ಅತ್ತೆ ಸಮೇತ! ಸಾಕಮ್ಮ ಕೈ ಮುಗಿದಳು. ಮಾಯಿಗ ಪರದೆಯ ಹಿಂದೆ ಹೋಗಿ ನೋಡಿದ, ಮುಂದೆ ಬಂದು ನೋಡಿದ, ಮತ್ತೆ ಹಿಂದೆ ಹೋಗಿ ನೋಡಿದ.

"ಅವ್ವಾ, ಇಷ್ಟ್ ಜನ ಯಾವ್ ಬಾಗ್ಲಲ್ಲಿ ಬಂದ್ರವ್ವಾ!"

"ನಂಗೇನ್ ಗೊತ್ತ್ ಮಗಾ! ನಮ್ಮನ್ನ ಹುಡುಕ್ಕಂಡು ಬಂದವ್ಳೆ ನೋಡು, ಪುಣ್ಯಾತ್ಗಿತ್ತಿ!"

ಹೀಗೆ ಶುಕ್ರವಾರ ಬಂತು. ಬೆಳಿಗ್ಗೆ ಹಿತ್ತಲಲ್ಲಿ ಆಡು ಒಂದೇ ಸಮ ಅರಚಿತು. ಕಾಲೆಳೆದುಕೊಂಡು ಹೋಗಿ ಸಾಕಮ್ಮ ನೋಡುತ್ತಾಳೆ, ಗೂಟದ ಸುತ್ತ ಆಡು ಸುತ್ತೀ ಸುತ್ತೀ ಹಗ್ಗವೆಲ್ಲ ಕುತ್ತಿಗೆಗೆ ಬಿಗಿದುಕೊಂಡಿದೆ. ಕಣ್ಣು ಮೇಲೆ ಹೋಗಿದೆ. ಎದುರಿಗೆ ಮಾಯಿಗ ಕೈಕಟ್ಟಿಕೊಂಡು ನಿಂತಿದ್ದಾನೆ!

"ಏನ್ ಮಾಡ್ತಿದ್ದೀಯ್ಲಾ!"

"ಶ್! ಮುಟ್ಬ್ಯಾಡ ಕಣವ್ವ. ಸುತ್ತೋದು ನಿಲ್ಲೋ ಹೊತ್ತು. ಈಗ ಸೀರಿಯಲ್ ಬತ್ತದೆ!"

ಸಾಕಮ್ಮ ತಾನೇ ಕುಡುಗೋಲು ತೆಗೆದು ಹಗ್ಗ ಕತ್ತರಿಸಿದಳು. ಆಡು ಉಸಿರೆಳೆದುಕೊಂಡಿತು, ಸಾಕಮ್ಮ ಬಾಯಿ ಬಿಟ್ಟಳು. "ಅಯ್ಯೋ ಪಾಪಿ! ಕಣ್ಮುಂದೆ ಒಂದ್ ಜೀವದ ಕುತ್ಗೆಗೆ ಹಗ್ಗ ಬಿದ್ರೆ ನೋಡ್ತಾ ನಿಂತ್ಕಂಡೀಯಾ? ಯಾರ್ದು, ಯಾಕೆ ಅಂತ ಕೇಳ್ಬ್ಯಾಡ! ಗಂಟು ಬೀಳೋಕ್ ಮುಂಚೆ ಕುಡ್ಲು ತಕ್ಕಂಡ್ ಓಡು, ಕತ್ತರ್ಸು!"

"ಆಗ್ಲಿ ಕಣವ್ವ!"

ಸಂಜೆ ಏಳಾಯಿತು. ಸಾಕಮ್ಮ ಹೊಸ ಸೀರೆ ಉಟ್ಟು, ಹೂ ಮುಡಿದು, ಮುರಿದ ಕಾಲು ಚಾಚಿಕೊಂಡು ಹೆಣ್ಣಿನ ತಾಯಿಯಂತೆ ಪರದೆ ಮುಂದೆ ಕೂತಳು. ಮೇಷ್ಟ್ರು ಮೊಬೈಲನ್ನು ಕಿಟಕಿಯಲ್ಲಿಟ್ಟು, ಸೀರಿಯಲ್ ಹಚ್ಚಿಕೊಟ್ಟು ಹೋದರು. ಪರದೆಯ ಬಳೆ ಸುತ್ತಿತು, ನಿಂತಿತು. ಅಬ್ಬಬ್ಬಾ, ಏನು ಚಪ್ಪರ, ಏನು ದೀಪ! ಇಂದುಮುಖಿ ತಲೆ ತಗ್ಗಿಸಿ ಕೂತಿದ್ದಾಳೆ. ಎಂಟು ವರ್ಷದ ಆಸೆ! ಸಾಕಮ್ಮನ ಕಣ್ಣಲ್ಲಿ ನೀರು ತುಂಬಿತು. ವಾಲಗ ಏರಿತು, "ಗಟ್ಟಿಮೇಳ, ಗಟ್ಟಿಮೇಳ!" ಅಂದರು. ಗಂಡು ಎದ್ದು ನಿಂತ. ಅರಿಶಿನದ ದಾರ ಎತ್ತಿ ಹಿಡಿದ, ಇಂದುಮುಖಿಯ ಕುತ್ತಿಗೆಗೆ ತಂದ, ಇನ್ನೇನು ಗಂಟು ಹಾಕಬೇಕು...

ಮಾಯಿಗ ದಿಗ್ಗನೆ ಎದ್ದ. ಕುಡುಗೋಲು ತಗೊಂಡ. ಗಾಜಿನೊಳಗೆ ಕೈ ಹೋಗದು, ಕುತ್ತಿಗೆ ಸಿಗದು. ಹಿಂದಕ್ಕೆ ಓಡಿದ. ಪೆಟ್ಟಿಗೆಯಿಂದ ಪರದೆಗೆ ಹೋಗಿದ್ದ ಕರೀ ವೈರೇ ಅವನ ಕಣ್ಣಿಗೆ ಹಗ್ಗ. ಎಡಗೈಯಲ್ಲಿ ಹಿಡಿದ, ಕಚಕ್ ಅಂತ ಕತ್ತರಿಸಿದ!

ಚಪ್ಪರವಿಲ್ಲ, ದೀಪವಿಲ್ಲ, ವಾಲಗವಿಲ್ಲ. ಪರದೆಯೆಲ್ಲ ಕಪ್ಪು. ಸಾಕಮ್ಮ ಅಕ್ಷತೆ ಹಿಡಿದಿದ್ದ ಕೈಯನ್ನು ಇಳಿಸದೆ ಹಾಗೇ ಕೂತಿದ್ದಳು.

ಮಾಯಿಗ ಹಣೆಯ ಬೆವರು ಒರೆಸಿಕೊಂಡು ಮುಂದೆ ಬಂದ.

"ಅಳ್ಬ್ಯಾಡ ಕಣವ್ವ! ಗಂಟು ಬೀಳೋಕ್ ಮುಂಚೇನೇ ಕತ್ತರ್ಸ್‌ಬುಟ್ಟೆ. ಹುಡ್ಗಿ ಬದುಕ್ಕಂಡ್ಳು!"